ದೇವರ ಮೇಲಿನ ಸಿಟ್ಟಿಗೂ ಒಂದು ಸಾಲು

ಶ್ರಾವಣದ ಮೊದಲ ಸೋಮವಾರ, ಸಂಜೆ ಆರೂಕಾಲು. ಗಜೇಂದ್ರಗಡದ ನಮ್ಮ ಮನೆಯ ಕಟ್ಟೆಯ ಮೇಲೆ ದಿನಚರಿ ಬರೆಯುತ್ತಿದ್ದೆ. ಪುಟದ ಒಂದು ಬದಿಗೆ ಮಾಡಿದ ಕೆಲಸ, ಇನ್ನೊಂದು ಬದಿಗೆ ದೇವರಿಗೆ ಹೇಳಿಕೊಂಡದ್ದು. ಪಕ್ಕದ ಮನೆಯ ಶಾಂತವ್ವ ಬಂದು ಕುಳಿತರು. ಸೀರೆ ನೇಯುವವರು, ಗಂಡ ತೀರಿಕೊಂಡ ಮೇಲೆ ಮಗ್ಗ ಮುಟ್ಟಿರಲಿಲ್ಲ.

“ನನಗ ಬರಿಯಾಕ ಬರಂಗಿಲ್ಲ, ನಂದೂ ಒಂದ ಪುಟ ಬರಿಯವಾ” ಎಂದರು. “ಕೆಲಸ, ಲಾಳಿಗೆ ಹಾಕೂ ಒಂದ ಕಂಡಿಕಿ ನೂಲ ಸುತ್ತೀನಿ. ದೇವರ ಜೋಡಿ ಮಾತ ಬಿಟ್ಟೀನಿ, ಭಾಳ ಸಿಟ್ಟ ಐತಿ. ಹಂಗ ಬರಿ, ನಿನ್ನ ಚಂದದ ಮಾತ ಸೇರಸಬ್ಯಾಡ.”

ಹಾಗೆಯೇ ಬರೆದು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಮರುದಿನವೂ ಬಂದರು. ಬರೆಸಲು ಏನಾದರೂ ಇರಲಿ ಎಂದೇ ಮಗ್ಗಕ್ಕೆ ಕೂತರಂತೆ. ಗೇಣುದ್ದ ನೇಯ್ದದ್ದು ಮೊಳವಾಯಿತು, ಮೊನ್ನೆ ಸೀರೆಯೇ ಮುಗಿಯಿತು.

“ದೇವರ ಬದಿಗೆ ಏನ ಬರೀಲಿ?” ಎಂದು ಅಂದು ಸಂಜೆ ಕೇಳಿದೆ.

“ಇವತ್ತ ಮನಸಾರೆ ಬೈದೀನಿ. ಮಾತ ಸುರು ಆತು ಅಂತ ಬರಿ!” ಎಂದು ನಕ್ಕರು.

ದಿನಾ ‘ಪ್ರಾರ್ಥನೆ ಆಯಿತು’ ಎಂದಷ್ಟೇ ಬರೆದು ಮುಗಿಸುತ್ತಿದ್ದ ನಾನೂ ಈಗ ಮನಸ್ಸಿನಲ್ಲಿದ್ದುದನ್ನೇ ಬರೆಯುತ್ತೇನೆ. ಮುಂದಿನ ವಾರ ಕೆಲಸಕ್ಕೆಂದು ನರಗುಂದಕ್ಕೆ ಹೊರಟಿದ್ದೇನೆ. ಅಕ್ಷರ ಬಾರದವರು ತಮ್ಮ ದಿನಚರಿಯನ್ನು ತಾವೇ ಇಡುವ ದಾರಿ ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಶಾಂತವ್ವನ ಪುಟ ನಿಲ್ಲಬಾರದು.