ಕರೆಂಟಿಲ್ಲದ ಕಂಬಕ್ಕೆ ಸರಪಳಿ ಒಗೆದವರು

ಆ ಎರಡು ಕಾಲಂಗಳ ಹಾಳೆಯನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಒಂದು ಕಾಲಂನ ಮೇಲೆ ‘ಕೌಶಲ್ಯ’ ಎಂದಿತ್ತು, ಇನ್ನೊಂದರ ಮೇಲೆ ‘ಸಾಮರ್ಥ್ಯ’. ಎರಡಕ್ಕೂ ಏನು ವ್ಯತ್ಯಾಸ ಎಂಬುದು ಹಾಳೆ ಕಳಿಸಿದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬಾಯಿ ಮುಚ್ಚಿಕೊಂಡು ತುಂಬಿ ಕೊಟ್ಟೆ. ಅವರ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ನಾನು ಡಿಪ್ಲೊಮಾ ಮುಗಿಸಿ, ವಿದ್ಯುತ್ ಲೈನ್ ರಿಪೇರಿಯ ಗುತ್ತಿಗೆ ಹಿಡಿದ ಒಂದು ಏಜೆನ್ಸಿಯಲ್ಲಿ ಸೂಪರ್‌ವೈಸರ್ ಆಗಿ ಸೇರಿದವಳು. ಮೊದಲು ಮುದ್ದೇಬಿಹಾಳ, ಆಮೇಲೆ ಸಿಂದಗಿ, ಈಗ ಇಂಡಿ. ಇಂಡಿಯಲ್ಲಿ ನನ್ನ ಕೈಕೆಳಗೆ ಒಂಬತ್ತು ಮಂದಿ ಲೈನ್‌ಮನ್‌ಗಳು. ಅವರಲ್ಲಿ ಎಲ್ಲರಿಗಿಂತ ಹಿರಿಯರನ್ನು ನಾವು ಚಾಚಾ ಎನ್ನುತ್ತಿದ್ದೆವು. ಅವರು ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು, ಊರ ಶಾಲೆಯ ಟೀಚರನ್ನು ಕರೆದ ಹಾಗೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಬಿದ್ದವರು. ಗುತ್ತಿಗೆದಾರರು ಒಬ್ಬರಾದ ಮೇಲೊಬ್ಬರು ಬಂದು ಹೋದರೂ ಚಾಚಾ ಅದೇ ಕಂಬಗಳನ್ನು ಹತ್ತಿಕೊಂಡೇ ಇದ್ದರು.

ಮೊದಮೊದಲು ಅವರ ರೀತಿ ಕಂಡು ನನಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ನಿಂಬೆ ತೋಟದಲ್ಲಿ ತಂತಿ ಹರಿದಿದೆ ಎಂದು ಓಡಿ ಹೋದರೆ ಈ ಮನುಷ್ಯ ಕಂಬದ ಹತ್ತಿರವೇ ಸುಳಿಯುತ್ತಿರಲಿಲ್ಲ. ಬದುವಿನ ಮೇಲೆ ಕೂತು ತೋಟದವರ ಮನೆಯ ಚಹಾ ಕುಡಿಯುತ್ತಿದ್ದರು. ಕಾಯಿ ಹೇಗಿದೆ, ಬಾವಿಯಲ್ಲಿ ನೀರೆಷ್ಟಿದೆ, ಮೋಟಾರು ಯಾವ ಹೊತ್ತಿನಲ್ಲಿ ಓಡುತ್ತದೆ, ಹೀಗೆ ಊರ ಉಸಾಬರಿಯೆಲ್ಲ ಆಗಬೇಕು. ಒಂದು ದಿನ ನಾನು ತಡೆಯಲಾರದೆ, ಹರಟೆ ಹೊಡೆಯಲು ಬಂದಿದ್ದೀರೋ ಕೆಲಸಕ್ಕೋ ಎಂದು ಎಲ್ಲರೆದುರೇ ಕೇಳಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ.

“ಕೆಲಸಾನ ಮಾಡಾಕತ್ತೇನ್ರಿ ಬಾಯಾರ,” ಅಂದರು. “ಎರಡೂ ಹೊತ್ತು ನೀರ್ ಬಿಡ್ತೇನಿ ಅಂದ ನೋಡ್ರಿ ಆಂವ. ಈ ಲೈನಿಗೆ ಕರೆಂಟ್ ಬರೂದು ಒಂದ ಹೊತ್ತು.”

ಆಗ ನನಗೆ ತಿಳಿಯಿತು. ನಮ್ಮ ಕಡೆ ತೋಟಗಳಿಗೆ ಕರೆಂಟು ಪಾಳಿಯ ಮೇಲೆ. ಒಂದು ಲೈನಿಗೆ ಬೆಳಿಗ್ಗೆ, ಪಕ್ಕದ ಲೈನಿಗೆ ಸಂಜೆ. ನಿಂಬೆಗಿಡ ಪಾಳಿ ಕೇಳುತ್ತದೆಯೇ? ಎರಡು ಲೈನಿನ ನಡುವೆ ಹೊಲವಿದ್ದವರು ಎರಡರಿಂದಲೂ ಗುಟ್ಟಾಗಿ ವೈರು ಎಳೆದು ಒಂದೇ ಸ್ಟಾರ್ಟರ್ ಡಬ್ಬಿಗೆ ಕೊಟ್ಟುಬಿಡುತ್ತಾರೆ. ನಾವು ಈ ಲೈನ್ ಬಂದ್ ಮಾಡಿಸಿ ಕಂಬ ಹತ್ತಿದರೆ, ಆ ಲೈನಿನ ಕರೆಂಟು ಡಬ್ಬಿಯೊಳಗಿಂದ ಹಾದು ನಮ್ಮ ತಂತಿಗೆ ಬಂದು ಕೂತಿರುತ್ತದೆ. ಸಬ್‌ಸ್ಟೇಷನ್‌ನವರು ಕರೆಂಟು ತೆಗೆದು ‘ಲೈನ್ ಕ್ಲಿಯರ್’ ಕೊಟ್ಟಿರುತ್ತಾರೆ, ಅದೂ ಸುಳ್ಳಲ್ಲ. ತೋಟದವನು ಮಾತ್ರ ದಂಡಕ್ಕೆ ಹೆದರಿ ಬಾಯಿ ಬಿಡುವುದಿಲ್ಲ. ಅಧಿಕಾರದ ದನಿಯಲ್ಲಿ ಕೇಳಿದರೆ ಇಲ್ಲವೇ ಇಲ್ಲ ಎನ್ನುವವನು, ಚಹಾ ಕುಡಿಯುತ್ತ ನೀರಿನ ಮಾತು ತೆಗೆದರೆ ತಾನಾಗಿ ಹೇಳುತ್ತಾನೆ.

ಚಹಾ ಮುಗಿದ ಮೇಲೂ ಚಾಚಾ ಹತ್ತುತ್ತಿರಲಿಲ್ಲ. ಅವರ ಚೀಲದಲ್ಲಿ ಒಂದು ಕಬ್ಬಿಣದ ಸರಪಳಿ. ಅದರ ಒಂದು ತುದಿಯನ್ನು ನೆಲಕ್ಕೆ ಬಡಿದ ಸಲಾಕೆಗೆ ಬಿಗಿದು, ಇನ್ನೊಂದು ತುದಿಯನ್ನು ತಂತಿಗಳ ಮೇಲೆ ಒಗೆಯುತ್ತಿದ್ದರು. ಎಲ್ಲಾದರೂ ಕರೆಂಟು ಉಳಿದಿದ್ದರೆ ಅದು ಸರಪಳಿಯಲ್ಲಿ ಕಿಡಿ ಹಾರಿಸಿ ನೆಲಕ್ಕೆ ಇಳಿಯಬೇಕು, ಮನುಷ್ಯನ ಮೈಯಲ್ಲಿ ಅಲ್ಲ. ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಜೋಳದ ರೊಟ್ಟಿ ಬಡಿಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಹಿಟ್ಟು ಹಳೆಯದಾಗಿ ಜಿಗಿ ಹೋಗಿದೆ, ಇವತ್ತು ಎಸರು ಇನ್ನಷ್ಟು ಕುದಿಯಬೇಕು ಎಂದು ಮುಟ್ಟಿದ ಕೂಡಲೇ ತಿಳಿಯುವುದು ಬೇರೆ. ಮೊದಲನೆಯದು ಕೌಶಲ್ಯ, ಎರಡನೆಯದು ಸಾಮರ್ಥ್ಯ. ನಮ್ಮವ್ವನಿಗೆ ಗೊತ್ತಿರುವ ಈ ಸಂಗತಿ ಏಜೆನ್ಸಿಯ ದೊಡ್ಡವರಿಗೆ ಗೊತ್ತಿರಲಿಲ್ಲ ಅಂದರೆ ಏನು ಹೇಳೋಣ!

ಗುತ್ತಿಗೆ ಹೊಸದಾಗುವಾಗ ಎಲ್ಲ ಲೈನ್‌ಮನ್‌ಗಳಿಗೂ ಪರೀಕ್ಷೆ ಎಂದರು. ಪಾಸಾದವರಿಗೆ ಕೆಲಸ, ಇಲ್ಲದವರಿಗೆ ಇಲ್ಲ. ಬಸವನ ಬಾಗೇವಾಡಿಯಲ್ಲಿ ಏಜೆನ್ಸಿಯ ಗೋದಾಮಿನ ಅಂಗಳದಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಎಲ್ಲಿಗೂ ಹೋಗದ ನಾಲ್ಕು ಮಾರು ತಂತಿ ಕಟ್ಟಿದ್ದರು. ಹತ್ತಬೇಕು, ಕಂಬದ ತುದಿಯ ಪಿಂಗಾಣಿ ಬಟ್ಟಲಿಗೆ ತಂತಿ ಬಿಗಿಯಬೇಕು, ಇಳಿಯಬೇಕು. ಎಲ್ಲ ಹನ್ನೆರಡು ನಿಮಿಷದೊಳಗೆ. ನಮ್ಮಲ್ಲಿ ಐಟಿಐ ಮುಗಿಸಿ ಎರಡು ವರ್ಷದ ಹಿಂದೆ ಸೇರಿದ ಲೈನ್‌ಮನ್ ಒಬ್ಬನಿದ್ದ. ಸರಸರ ಹತ್ತಿ ಏಳೇ ನಿಮಿಷಕ್ಕೆ ಕೆಳಗಿದ್ದ. ಕೈ ಚೆಂದ ಅವನದು, ಅದರಲ್ಲಿ ಎರಡು ಮಾತಿಲ್ಲ.

ಚಾಚಾ ಸರದಿ ಬಂತು. ಅವರು ಕಂಬದ ಬುಡದಲ್ಲಿ ನಿಂತು, ಲೈನ್ ಕ್ಲಿಯರ್ ಯಾರು ಕೊಟ್ಟಿದ್ದಾರೆ ಎಂದು ಕೇಳಿದರು. ಪರೀಕ್ಷಕರು ನಕ್ಕರು. ಈ ಕಂಬಕ್ಕೆ ಕರೆಂಟೇ ಇಲ್ಲ, ಹತ್ತಿ ಎಂದರು.

“ಇಲ್ಲ ಅಂತ ನೀವ್ ಹೇಳ್ತೀರ್ರಿ,” ಅಂದರು ಚಾಚಾ. “ನಾ ನೋಡಿಲ್ಲಲ್ರಿ.”

ಚೀಲದಿಂದ ಸರಪಳಿ ತೆಗೆದರು. ಸಲಾಕೆ ಬಡಿದರು. ಒಗೆದರು. ಕಿಡಿ ಹಾರಲಿಲ್ಲ, ಹಾರುವುದಾದರೂ ಎಲ್ಲಿಂದ? ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಾಚಾ ಹತ್ತಿ, ಬಿಗಿದು ಇಳಿಯುವಷ್ಟರಲ್ಲಿ ಹತ್ತೊಂಬತ್ತು ನಿಮಿಷ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಬ್ಬ ಪರೀಕ್ಷಕ ಅವರಿಗೆ ಕೇಳುವ ಹಾಗೆಯೇ ಅಂದ. ಆ ಬಾಯಿಗೆ ಅದೇ ಸರಪಳಿ ಬಿಗಿಯಬೇಕು ಅನ್ನಿಸಿತು. ಅನ್ನಿಸಿತು ಅಷ್ಟೇ.

‘ಕೌಶಲ್ಯ’ದ ಕಾಲಂ ಪರೀಕ್ಷಕರದು. ‘ಸಾಮರ್ಥ್ಯ’ದ ಕಾಲಂ ನನ್ನದು. ನಾಲ್ಕು ಸಾಲು ಬರೆಯುವಷ್ಟು ಜಾಗವಿತ್ತು. ಇಂಡಿಗೆ ವಾಪಸು ಹೋಗುವ ಬಸ್ಸು ತಪ್ಪೀತೆಂಬ ಗಡಿಬಿಡಿ ನನಗೆ. ಒಂಬತ್ತು ಹಾಳೆಗಳಲ್ಲೂ ‘ಉತ್ತಮ’ ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎಲ್ಲರಿಗೂ ಒಳ್ಳೆಯದೇ ಬರೆದಿದ್ದೇನೆ ಎಂಬ ಸಮಾಧಾನ ಬೇರೆ.

ಒಂದನೇ ತಾರೀಕಿನಿಂದ ಚಾಚಾ ಬರಬೇಕಾಗಿಲ್ಲ ಎಂದು ಕಾಗದ ಬಂತು. ಕಾರಣ, ನಿಗದಿತ ಸಮಯದಲ್ಲಿ ಕೆಲಸ ಮುಗಿಸಲಿಲ್ಲ. ಅವರು ಆ ಕಾಗದವನ್ನು ನನ್ನ ಟೇಬಲ್ಲಿನ ಮೇಲಿಟ್ಟು ಕೇಳಿದ್ದು ಇಷ್ಟೇ. “ನಾ ತಪ್ಪೇನ್ ಮಾಡೀನ್ರಿ ಬಾಯಾರ?”

ನನ್ನ ಸಿಟ್ಟು ನೆತ್ತಿಗೇರಿತು. ಮರುದಿನವೇ ಬಾಗೇವಾಡಿಗೆ ಹೋಗಿ ಮ್ಯಾನೇಜರರ ಎದುರು ಜಗಳಕ್ಕೇ ನಿಂತೆ. ಕರೆಂಟು ಇಲ್ಲದ ಕಂಬದಲ್ಲೂ ಸರಪಳಿ ಮರೆಯದವರು ಕರೆಂಟು ಇರುವಲ್ಲಿ ಮರೆಯುತ್ತಾರೆಯೇ, ಅದಕ್ಕೆ ಮಾರ್ಕು ಕೊಡುವುದು ಬಿಟ್ಟು ಮನೆಗೆ ಕಳಿಸುತ್ತೀರಾ ಎಂದು ಕೂಗಾಡಿದೆ. ಅವರು ಸಾವಕಾಶವಾಗಿ ಕಪಾಟು ತೆಗೆದು ಒಂಬತ್ತು ಹಾಳೆಗಳನ್ನೂ ನನ್ನ ಮುಂದೆ ಹರಡಿದರು.

“ಎಲ್ಲಾರಿಗೂ ಒಂದ ಬರದೀರಲ್ರಿ ಮೇಡಂ. ಆ ಮನಷ್ಯಾ ಬ್ಯಾರೆ ಅಂತ ನಿಮಗ ಗೊತ್ತಿತ್ತಲ್ಲ, ಬರೀಬೇಕಿತ್ತು.”

ಅಲ್ಲಿಯೇ ಕೂತು ಚಾಚಾ ಬಗ್ಗೆ ಎರಡು ಪುಟ ಬರೆದುಕೊಟ್ಟೆ. ಪಾಸಾದವರ ಪಟ್ಟಿ ಮೇಲಿನವರಿಗೆ ಹೋಗಿಯಾಗಿದೆ ಎಂದರು.

ಮುಂದಿನ ತಿಂಗಳೇ ಒಂದು ತೋಟದಲ್ಲಿ ಆ ಐಟಿಐ ಹುಡುಗ ಸರಪಳಿ ಒಗೆದ. ಹೋಗುವಾಗ ಚಾಚಾ ತಮ್ಮ ಸರಪಳಿಯನ್ನು ಅವನಿಗೇ ಕೊಟ್ಟು ಹೋಗಿದ್ದರು. ಬಂದ್ ಆಗಿದ್ದ ತಂತಿಯಲ್ಲಿ ಇಷ್ಟೆತ್ತರ ಬೆಂಕಿ ಎದ್ದಿತು. ಮತ್ತೊಂದು ನಿಮಿಷಕ್ಕೆ ಹುಡುಗ ಕಂಬದ ಮೇಲಿರುತ್ತಿದ್ದ. ನಾನು ಹಟ ಹಿಡಿದು ವರದಿ ಕಳಿಸಿದೆ, ಇದು ಚಾಚಾ ಕಲಿಸಿದ್ದು, ಅವರನ್ನು ವಾಪಸು ತೆಗೆದುಕೊಳ್ಳಿ ಎಂದು ಬರೆದೆ. ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಏಜೆನ್ಸಿಯವರು ಫೋನಿನಲ್ಲಿ ಕೇಳಿದರು. ಇಲ್ಲ ಎಂದೆ. ಹಾಗಾದರೆ ವರದಿ ಯಾಕೆ ಎಂದರು. ಇವರಿಗೆ ಒಬ್ಬ ಸಾಯಲೇಬೇಕು, ಆಗ ಕಾಗದ ಓದುತ್ತಾರೆ!

ಆವತ್ತಿನಿಂದ ನಮ್ಮ ಹುಡುಗ ಕಂಬ ಹತ್ತುವ ಮೊದಲು ಎರಡು ಫೋನು ಮಾಡುತ್ತಾನೆ. ಒಂದು ಸಬ್‌ಸ್ಟೇಷನ್‌ಗೆ, ಇನ್ನೊಂದು ಕೆಲಸವಿಲ್ಲದೆ ಮನೆಯಲ್ಲಿ ಕೂತ ಚಾಚಾಗೆ. ಮೊನ್ನೆಯೂ ನನ್ನ ಎದುರೇ ಮಾಡಿದ. ಯಾರ ತೋಟ ಎಂದು ಹೇಳಿದ ಕೂಡಲೇ ಸ್ಪೀಕರಿನಲ್ಲಿ ಚಾಚಾರ ದನಿ ಬಂತು.

“ಆಂವ ತಮ್ಮನ ಹೊಲದಿಂದ ವೈರ್ ಎಳದಾನ. ಮೊದಲ ಆ ಡಬ್ಬಿ ತಗಸು. ಸರಪಳಿ ಒಗದ ಮ್ಯಾಲ ಹತ್ತು.” ಆಮೇಲೆ ಕೇಳಿದರು. “ಬಾಯಾರು ಅದಾರೇನು ಅಲ್ಲೆ?”

ಹುಡುಗ ನನ್ನ ಮುಖ ನೋಡಿದ. ಒಂಬತ್ತು ಸಲ ‘ಉತ್ತಮ’ ಎಂದು ಬರೆದ ಅದೇ ಕೈಯನ್ನು ಆಡಿಸಿ, ಇಲ್ಲ ಎಂದು ಹೇಳಿಸಿದೆ.