ಚಿಕ್ಕಿಯ ತವರು ಹುಡುಕಿಕೊಂಡು ಕೆ.ಆರ್. ಪುರಕ್ಕೆ

ಹೊನ್ನಾವರದಿಂದ ಬಿಟ್ಟ ಬಸ್ಸು ಬೆಳಿಗ್ಗೆ ಏಳಕ್ಕೆ ನನ್ನನ್ನು ಮೆಜೆಸ್ಟಿಕ್ಕಿನಲ್ಲಿ ಇಳಿಸಿತು. ಟಿಕೆಟ್ಟಿಗೆ ಒಂಬೈನೂರು ರೂಪಾಯಿ. ಘಾಟಿಯ ತಿರುವುಗಳನ್ನೆಲ್ಲ ಎಚ್ಚರವಾಗಿದ್ದೇ ಎಣಿಸಿದ್ದೆ. ಮೋಡ ಕವಿದಿತ್ತು, ಸಣ್ಣಗೆ ಚಳಿ. ದಸರಾ ರಜೆ ಆಗಷ್ಟೇ ಶುರುವಾಗಿತ್ತು. ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು, ಕಾಪಿ ಚೀಟಿ ಬಚ್ಚಿಟ್ಟವನನ್ನು ಅವನ ಮುಖ ನೋಡಿಯೇ ಹಿಡಿದವಳು. ಒಂದು ಮನೆ ಹುಡುಕುವುದು ಏನು ಮಹಾ ಎಂದುಕೊಂಡೇ ಹೊರಟಿದ್ದೆ.

ಹುಡುಕಬೇಕಾಗಿದ್ದದ್ದು ಚಿಕ್ಕಿಯ ತವರನ್ನು. ಚಿಕ್ಕಿ ಎಂದರೆ ನನ್ನ ಮಲತಾಯಿ ಮುನಿತಾಯಮ್ಮ. ಮಲತಾಯಿ ಎನ್ನುವ ಪದ ಅವಳಿಗೆ ಯಾವತ್ತೂ ಒಪ್ಪಿದ್ದಿಲ್ಲ. ಅದಕ್ಕೆ ಬೇಕಾದ ಕೇಡು ಅವಳಲ್ಲಿ ಇರಲಿಲ್ಲ.

ಅಪ್ಪ ಶರಾವತಿ ಹೊಳೆಯಲ್ಲಿ ದೋಣಿಯ ಮೇಲೆ ಆಟ ಆಡಿಸುತ್ತಿದ್ದವನು. ‘ಜಲಮೋಹಿನಿ’ ಎಂಬ ದೊಡ್ಡ ದೋಣಿಯ ಮೇಲೆ ಅಟ್ಟ ಕಟ್ಟಿ, ಪರದೆ ಇಳಿಬಿಟ್ಟು, ಊರಿಂದ ಊರಿಗೆ ಹೋಗಿ ಮಾಯಾಜಾಲ ತೋರಿಸುತ್ತಿದ್ದ. ಜನ ದಡದಲ್ಲಿ ಕೂತು ನೋಡುವುದು. ಉಬ್ಬರ ಇಳಿಯುವುದರೊಳಗೆ ಆಟ ಮುಗಿಯಬೇಕು, ಇಲ್ಲದಿದ್ದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತಿತ್ತು. ಅಪ್ಪನಿಗೆ ಚಪ್ಪಾಳೆ ಬಿದ್ದರೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ನೀರಿನ ಮಟ್ಟ ನೋಡಿ ಗಂಟೆ ಬಾರಿಸುವುದು ಚಿಕ್ಕಿಯ ಕೆಲಸವಾಯಿತು. ಕನ್ನಡಿ ಪೆಟ್ಟಿಗೆಯೊಳಗೆ ಹೊಕ್ಕು ಮಾಯವಾಗುವವಳೂ ಅವಳೇ.

ಮಳೆಗಾಲದಲ್ಲಿ ಹೊಳೆಯಲ್ಲಿ ಆಟವಿಲ್ಲ. ಹಾಗಾಗಿ ಒಂದು ವರ್ಷ ಅಪ್ಪ ನಾಲ್ಕು ವರ್ಷದ ನನ್ನನ್ನು ಕರೆದುಕೊಂಡು ಬೆಂಗಳೂರಿಗೆ ಬಂದ. ಹಲಸೂರು ಕೆರೆಯಲ್ಲಿ ಬಾಡಿಗೆ ದೋಣಿ ಹಿಡಿದು ಆಟ ಹೂಡಿದ. ಹೆತ್ತವ್ವ ಆಗಲೇ ತೀರಿಕೊಂಡಿದ್ದಳು. ಆಟದ ಹೊತ್ತಿಗೆ ನನ್ನನ್ನು ದಡದಲ್ಲಿ ಸೊಪ್ಪು ಮಾರುತ್ತಿದ್ದ ಹುಡುಗಿಯ ಹತ್ತಿರ ಬಿಟ್ಟು ಹೋಗುತ್ತಿದ್ದ. ಆ ಹುಡುಗಿಯೇ ಚಿಕ್ಕಿ. “ನಾನೇನ್ ನಿಮ್ಮಪ್ಪನ್ನ ಮೆಚ್ಚಿ ಬರ್ಲಿಲ್ಲ ಕಣೇ. ನೀನು ನನ್ ಸೆರಗು ಬಿಡ್ಲಿಲ್ಲ, ಅವ್ನು ನಿನ್ ಹಿಂದೆ ಬಂದ” ಎಂದು ಇವತ್ತಿಗೂ ಹೇಳುತ್ತಾಳೆ. ನೀರಿನ ಮೇಲೆ ಸಂಸಾರ ಮಾಡುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಅವಳ ಅಪ್ಪ ಖಂಡಿತವಾಗಿ ಹೇಳಿದರಂತೆ. ಇವಳು ಉಟ್ಟ ಸೀರೆಯಲ್ಲೇ ಹೊರಟು ಬಂದಳು. ಅದಾಗಿ ನಲವತ್ತೆಂಟು ವರ್ಷ.

ಈಗ ಅಪ್ಪನಿಲ್ಲ, ದೋಣಿಯೂ ಇಲ್ಲ. ಚಿಕ್ಕಿಗೆ ಎಪ್ಪತ್ತು, ಮೊಣಕಾಲು ನೋವು. ಹೋದ ತಿಂಗಳು ಇದ್ದಕ್ಕಿದ್ದಂತೆ ಹೇಳಿದಳು: “ಸುಧಾ, ಒಂದ್ಸಲ ನಮ್ಮನೆ ಹೊಸ್ಲು ತುಳೀಬೇಕು. ಬರ್ಬೋದಾ ಬ್ಯಾಡ್ವಾ, ನಮ್ಮಣ್ಣನ್ನ ಕೇಳ್ಕೊಂಡ್ ಬಾ. ಮಹಾಲಯ ಅಮಾವಾಸ್ಯೆ ದಿನ ಹೋಗು, ಅವತ್ತು ಎಲ್ರೂ ಮನೇಲಿರ್ತಾರೆ. ಏನೇ ಅಂದ್ರೂ ಫೋನಲ್ಲಿ ಹೇಳ್ಬೇಡ. ಬಂದು ನನ್ ಮುಂದೆ ಕೂತು ಹೇಳು.” ನನಗಾಗಿ ತವರು ಬಿಟ್ಟವಳು ಇಷ್ಟು ವರ್ಷದಲ್ಲಿ ನನ್ನಲ್ಲಿ ಕೇಳಿದ್ದು ಇದೊಂದೇ.

ಅಮಾವಾಸ್ಯೆಗೆ ಒಂದು ದಿನ ಮುಂಚೆಯೇ ಬಂದಿದ್ದೆ. ಮೊದಲು ಶಿವಾಜಿನಗರಕ್ಕೆ ಸಿಟಿ ಬಸ್ಸು ಹತ್ತಿದೆ. ಒಂದು ಲಾಡ್ಜಿನಲ್ಲಿ ಚೀಲ ಇಟ್ಟು, ಎರಡು ಇಡ್ಲಿ ತಿಂದೆ. ಸಾಂಬಾರಿಗೆ ಬೆಲ್ಲ ಹಾಕುವ ಚಟ ಈ ಊರು ಇನ್ನೂ ಬಿಟ್ಟಿಲ್ಲ. ತವರಿನವರು ಈಗ ಎಲ್ಲಿದ್ದಾರೋ ಚಿಕ್ಕಿಗೂ ಗೊತ್ತಿರಲಿಲ್ಲ, ಅಪ್ಪ ಕನ್ನಡಿ ಕೊಳ್ಳುತ್ತಿದ್ದ ಅಂಗಡಿಯವರಿಗೆ ಗೊತ್ತಿರಬಹುದು. ಆ ಅಂಗಡಿ ಇಲ್ಲೇ ಎಲ್ಲೋ ಇರಬೇಕಿತ್ತು. ನಾಲ್ಕು ಜನರನ್ನು ಕೇಳಿದ ಮೇಲೆ ಸಿಕ್ಕಿತು. ಈಗ ಅದು ಬಣ್ಣದ ದೀಪಗಳ ಅಂಗಡಿ. ಗಲ್ಲಾದ ಹಿಂದೆ ಕುರ್ಚಿಯಲ್ಲಿ ಎಂಬತ್ತರ ಆಸುಪಾಸಿನ ರಹಮತ್ ಸಾಹೇಬರು ಕೂತಿದ್ದರು.

“ದೋಣಿ ಮ್ಯಾಜಿಕ್ ವಾಸುದೇವನ ಮಗಳು” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆವೋ ಅಮ್ಮಾ, ಬೈಠೋ. ಅವತ್ತು ರಿಜಿಸ್ಟರ್ ಆಫೀಸಲ್ಲಿ ಸಾಕ್ಷಿ ಸೈನ್ ಹಾಕಿದ್ದು ನಾನೇ. ನೀನು ಬಿಸ್ಕತ್ ಬೇಕು ಅಂತ ಅಳ್ತಾ ಇದ್ದೆ.”

ಚಹಾ ತರಿಸಿದರು. ಮದುವೆಯಾದ ವಾರಕ್ಕೆ ಹುಡುಗಿಯ ಅಪ್ಪ ಅಂಗಡಿಗೇ ಬಂದು ಕೂಗಾಡಿದ್ದನ್ನು ಹೇಳಿದರು. “ಆಮೇಲೆ ಏನ್ ಮಾಡಿದ್ರೋ ಗೊತ್ತಿಲ್ಲ. ನಿಮ್ಮ ಮನೆಯವರದ್ದು ನಿಮಗೇ ಗೊತ್ತು” ಎಂದು ಅಲ್ಲಿಗೇ ನಿಲ್ಲಿಸಿದರು. ಏನೋ ಗೊತ್ತಿದೆ, ಹೇಳುತ್ತಿಲ್ಲ ಎನ್ನುವುದು ನನಗೆ ಕಂಡಿತು. ಆದರೆ ಆ ವಯಸ್ಸಿನವರನ್ನು ಬೆಂಚಿನ ಮೇಲೆ ನಿಲ್ಲಿಸುವಂತಿಲ್ಲ. ಮನೆಯ ಗುರುತು ಮಾತ್ರ ಬರೆದುಕೊಟ್ಟರು.

ಮಧ್ಯಾಹ್ನ ಹಲಸೂರಿಗೆ ಹೋದೆ, ಆಟೋಗೆ ಎಂಬತ್ತು ರೂಪಾಯಿ. ಕೆರೆಯನ್ನು ನೋಡಲು ಐದು ನಿಮಿಷ ನಿಂತೆ. ನನ್ನ ನೆನಪಿನಲ್ಲಿ ಅದು ಸಮುದ್ರದಷ್ಟಿತ್ತು, ಈಗ ಬೇಲಿ ಹಾಕಿದ ಒಂದು ಕೆರೆ ಅಷ್ಟೆ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಸಾಹೇಬರು ಹೇಳಿದ ಮನೆ ಇರಲಿಲ್ಲ. ಅಲ್ಲಿ ಮೂರಂತಸ್ತಿನ ಕಟ್ಟಡ, ಕೆಳಗೆ ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿ. ಎದುರಿಗೆ ಹೂ ಕಟ್ಟುತ್ತಿದ್ದ ತಮಿಳು ಹೆಂಗಸಿಗೆ ಚಿಕ್ಕಿಯ ಅಣ್ಣನ ಹೆಸರು ಹೇಳಿ ಕೇಳಿದೆ.

“ಮುನಿಶಾಮಪ್ಪನಾ? ಅವ್ರೆಲ್ಲ ಪೋಯಾಚಮ್ಮ. ಇದು ಮಾರ್ಬಿಟ್ಟು ಕೆ.ಆರ್. ಪುರಂ ಹತ್ರ ಅವ್ರ ಹೊಲ ಇತ್ತಲ್ಲ, ಅಲ್ಲೇ ಮನೆ ಕಟ್ಕೊಂಡ್ರು. ನಾಳೆಗೆ ಹೂವು ನಂದೇ ಹೋಗೋದು, ಹಿರಿಯರ ಪೂಜೆಗೆ. ಅವ್ರೇ ಫೋನ್ ಮಾಡಿ ಹೇಳವ್ರೆ” ಎಂದಳು. ವಿಳಾಸವನ್ನು ಅವಳ ಮಗಳು ನನ್ನ ಫೋನಿನಲ್ಲಿ ಹಾಕಿಕೊಟ್ಟಳು. ಅಣ್ಣ ಬದುಕಿದ್ದಾನೆ ಎಂದು ತಿಳಿದದ್ದೇ ಅರ್ಧ ಕೆಲಸ ಮುಗಿದಷ್ಟು ಹಗುರವಾಯಿತು. ಆ ಖುಷಿಗೆ ಒಂದು ಮೊಳ ಸೇವಂತಿಗೆ ಕೊಂಡೆ.

ಮರುದಿನ ಅಮಾವಾಸ್ಯೆ. ಹಲಸೂರಿನಿಂದ ಮೆಟ್ರೊ ಹತ್ತಿದೆ, ಕೆ.ಆರ್. ಪುರಕ್ಕೆ ನಲವತ್ತು ರೂಪಾಯಿ. ಇಂದಿರಾನಗರ ದಾಟಿ ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ಡಬ್ಬಿಯೆಲ್ಲ ಕೊರಳಿಗೆ ಗುರುತಿನ ಪಟ್ಟಿ ನೇತುಹಾಕಿಕೊಂಡವರೇ. ಪಕ್ಕದ ಹುಡುಗಿ ಫೋನಿನಲ್ಲಿ “ಇನ್ನೈದೇ ನಿಮಿಷ ಮಗಾ, ಬಂದ್ಬಿಟ್ಟೆ” ಎಂದು ಮೂರು ನಿಲ್ದಾಣದುದ್ದಕ್ಕೂ ಹೇಳಿದಳು. ಇಳಿದು ಆಟೋದವನೊಂದಿಗೆ ಜಗಳವಾಡಿ ಅರವತ್ತಕ್ಕೆ ಒಪ್ಪಿಸಿ ಆ ಮನೆ ಮುಟ್ಟಿದಾಗ ಒಂದು ಗಂಟೆ.

ವಿಚಿತ್ರವೆಂದರೆ, ಮನೆಯವರೆಲ್ಲ ಅಂಗಳದಲ್ಲಿ ನಿಂತಿದ್ದರು. ಹತ್ತು ಹನ್ನೆರಡು ಜನ, ಹೊಸ ಬಟ್ಟೆ, ಯಾರೂ ಮಾತಾಡುತ್ತಿಲ್ಲ. ಬಾಗಿಲು ಮುಚ್ಚಿತ್ತು. ಒಳಗಿನಿಂದ ಸಾಂಬ್ರಾಣಿ ಹೊಗೆಯ ವಾಸನೆ, ಅದರ ಜೊತೆ ಮಟನ್ ಸಾರಿನ ವಾಸನೆ.

“ಸ್ವಲ್ಪ ತಡೀರಿ ಮೇಡಂ, ಒಳಗೆ ಹಿರಿಯರು ಊಟ ಮಾಡ್ತಾವ್ರೆ” ಎಂದ ನಲವತ್ತೈದರ ಒಬ್ಬ. ಅವನೇ ಚಿಕ್ಕಿಯ ಅಣ್ಣನ ಮಗ ಮಂಜು. ಮನೆಯ ಅಜ್ಜ ಯಾರೋ ಊಟಕ್ಕೆ ಕೂತಿದ್ದಾರೆ ಎಂದುಕೊಂಡೆ ನಾನು. ಆಮೇಲೆ ತಿಳಿಯಿತು. ಇವರ ಕಡೆ ಸತ್ತ ಹಿರಿಯರ ಫೋಟೊಗಳ ಮುಂದೆ ಒಬ್ಬೊಬ್ಬರಿಗೆ ಒಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆಯಿಟ್ಟು, ಹೆಸರು ಕೂಗಿ ಕರೆಯುತ್ತಾರೆ. ಅದು ಎಡೆ. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ.

ಸ್ವಲ್ಪ ಹೊತ್ತಾದ ಮೇಲೆ ಬಿಳಿ ಪಂಚೆಯ ಮುದುಕರೊಬ್ಬರು ಮುಂದೆ ಬಂದು ಬಾಗಿಲನ್ನು ಮೂರು ಸಲ ತಟ್ಟಿದರು. ಊಟ ಮಾಡಿದವರು ಎದ್ದು ಹೋಗಲಿ ಎಂದು. ಚಿಕ್ಕಿಯ ಮೂಗೇ ಅವರಿಗೂ. ಅವರೇ ಮುನಿಶಾಮಪ್ಪ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಇವತ್ತು ಬಾಗಿಲಿಗೆ ಬಂದೋರು ಉಣ್ದೇ ಹೋಗಂಗಿಲ್ಲ, ಬಾಮ್ಮ” ಎಂದು ಅವರ ಹೆಂಡತಿ ಸರೋಜಮ್ಮ ನಾನು ಯಾರೆಂದೂ ಕೇಳದೆ ಕೈ ಹಿಡಿದು ಒಳಗೆ ಕರೆದರು.

ಗೋಡೆಯ ಮೇಲೆ ಹೂಹಾರ ಹಾಕಿದ ಐದು ಫೋಟೊ, ಕೆಳಗೆ ಐದು ಎಲೆ. ಕೊನೆಯ ಫೋಟೊದಲ್ಲಿ ಎರಡು ಜಡೆಯ ಹುಡುಗಿ. ಅವಳ ಎಲೆಯ ಪಕ್ಕದಲ್ಲಿ ಒಂದು ಹಸಿರು ಸೀರೆ. ಮತ್ತೆ ಅದೇ ಮೂಗು.

“ಇವ್ರು ಯಾರು?” ಎಂದು ಕೇಳಿದೆ, ಗೊತ್ತಿದ್ದೂ.

“ನಮ್ಮ ಸೋದರತ್ತೆ, ಅಪ್ಪನ ತಂಗಿ” ಎಂದ ಮಂಜು. “ನಾನು ಹುಟ್ಟೋಕ್ ಮುಂಚೆನೇ ಹಲಸೂರು ಕೆರೇಲಿ ಮುಳುಗಿ ಹೋಗ್ಬಿಟ್ರಂತೆ.”

ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. “ಅವಳು ಸತ್ತಿಲ್ಲ. ಮೊನ್ನೆ ಸಂಜೆ ನನ್ನ ಕೈಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದಾಳೆ. ನಾನು ಅವಳ ಮಗಳು” ಎಂದೆ.

ಎಲ್ಲರೂ ಮುದುಕರ ಕಡೆ ನೋಡಿದರು. ಅವರು ಗೋಡೆಗೆ ಒರಗಿ ನಿಧಾನಕ್ಕೆ ಕೆಳಗೆ ಕೂತರು. “ಅಪ್ಪಾ?” ಎಂದ ಮಂಜು. ಅವರು ಮಗನ ಮುಖ ನೋಡದೆ ಹೇಳಿದರು.

“ನಮ್ಮಪ್ಪ ಅವಳ ಹೆಸರಲ್ಲಿ ಕೆರೇಲಿ ಎಳ್ಳುನೀರು ಬಿಟ್ಟ. ಇನ್ಮೇಲೆ ಸತ್ಲು ಅಂತ್ಲೇ ಹೇಳ್ಬೇಕು ಅಂದ. ನಾನೂ ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಹೋದ್ಮೇಲಾದ್ರೂ ನಿಜ ಹೇಳ್ಬೋದಿತ್ತು. ವರ್ಷ ವರ್ಷ ಎಲೆ ಹಾಕಿ ಹಾಕಿ ನನಗೇ ಅದು ನಿಜ ಆಗೋಯ್ತು.”

ನನಗೆ ಸಿಟ್ಟು ಬಂತು. ಬದುಕಿರುವವಳನ್ನು ಗೋಡೆಗೇರಿಸಿ ಹಾರ ಹಾಕಿದವರ ಮನೆಯ ಹೊಸಿಲು ತುಳಿಯಲು ಅವಳು ಹಂಬಲಿಸುತ್ತಿದ್ದಾಳೆ. ತಿರುಗಿ ಹೊರಡಬೇಕು ಎನ್ನುವಷ್ಟರಲ್ಲಿ ಸರೋಜಮ್ಮ ಆ ಹಸಿರು ಸೀರೆಯನ್ನು ಕೈಗೆತ್ತಿಕೊಂಡು ಹೇಳಿದರು: “ಇವ್ರಮ್ಮ, ನಮ್ಮತ್ತೆ, ಶುರು ಮಾಡಿದ್ದು ಇದು. ಮಾವ ವರ್ಷಪೂರ್ತಿ ಅವಳ ಹೆಸರು ಎತ್ತೋಕೆ ಬಿಡ್ತಿರ್ಲಿಲ್ಲ. ಈ ದಿನ ಮಾತ್ರ ಹೆಸರು ಕೂಗಿ ಕರೀಬೇಕಲ್ಲ. ನಮ್ಮತ್ತೆ ಎರಡೆರಡು ಸಲ ಕೂಗೋರು. ಮುನಿತಾಯೀ, ಬಾರವ್ವ ಅಂತ. ಹೋಗೋ ಮುಂಚೆ ನನ್ ಕೈ ಹಿಡ್ಕೊಂಡು, ಬಿಡ್ಬೇಡ ಕಣೇ ಅಂದ್ರು.”

ಸಿಟ್ಟು ಎಲ್ಲಿ ಹೋಯಿತೋ ಕಾಣೆ, ಅತ್ತುಬಿಟ್ಟೆ. ಮೂಗು ಒರೆಸಿಕೊಂಡ ಮೇಲೆ ಬಂದ ಕೆಲಸ ಕೇಳಿದೆ. “ಅವಳು ಒಂದ್ಸಲ ಈ ಮನೆಗೆ ಬರಬೇಕಂತೆ. ಬರಬಹುದಾ?”

ಮುನಿಶಾಮಪ್ಪ ಎದ್ದು ನಿಂತರು. “ಮೊದ್ಲು ಊಟ” ಎಂದರು.

ಆ ಮನೆಯಲ್ಲಿ ಒಂದು ಕಟ್ಟು ಇದೆ. ತಂದೆತಾಯಿಯ ಎಡೆಯನ್ನು ಅವರವರ ಮಕ್ಕಳೇ ಉಣ್ಣಬೇಕು. ಮಕ್ಕಳಿಲ್ಲದವರ ಎಲೆ ತಾರಸಿಗೆ ಹೋಗುತ್ತದೆ, ಕಾಗೆಗೆ. ಇಷ್ಟು ವರ್ಷ ಚಿಕ್ಕಿಯ ಎಲೆ ಕಾಗೆಗೇ ಹೋಗಿತ್ತು. ಮಂಜುವಿನ ಹೆಂಡತಿ ಅದನ್ನು ಎತ್ತಲು ಬಗ್ಗಿದಾಗ ಮುದುಕರು ಕೈ ಅಡ್ಡ ಹಿಡಿದರು. ಎಲೆಯನ್ನು ತಾವೇ ನನ್ನ ಮುಂದಕ್ಕೆ ಸರಿಸಿದರು.

ಸುಳ್ಳಿನ ಮೇಲೆ ಉಣ್ಣಲು ಮನಸ್ಸಾಗಲಿಲ್ಲ. “ನಾನು ಹೆತ್ತ ಮಗಳಲ್ಲ” ಎಂದೆ.

“ಗೊತ್ತು” ಎಂದರು. “ಕೆರೆ ದಡದಲ್ಲಿ ಅವಳ ಸೆರಗು ಹಿಡ್ಕೊಂಡ್ ನಿಂತಿತ್ತಲ್ಲ, ಆ ಮಗು ನೀನೇ. ಕೂತ್ಕೋ.”

ಬದುಕಿರುವವರ ಎಡೆ ಉಣ್ಣಬಹುದೇ ಎಂದು ಯಾರೋ ಹಿಂದಿನಿಂದ ಕೇಳಿದರು. ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ, ನಾನು ಕೂತೆ. ಮುದ್ದೆ, ಕಜ್ಜಾಯ, ವಡೆ, ಕೈಮ ಉಂಡೆಯ ಸಾರು. ಉಂಡೆಯನ್ನು ಬಾಯಿಗಿಟ್ಟ ಕೂಡಲೇ ರುಚಿ ಗುರುತು ಸಿಕ್ಕಿತು. ಮನೆಯಲ್ಲಿ ಚಿಕ್ಕಿ ಮಾಂಸದ ಬದಲು ಸಿಗಡಿ ಅರೆದು ಇದೇ ಉಂಡೆ ಮಾಡುತ್ತಾಳೆ, ಇದೇ ಚಕ್ಕೆ, ಇದೇ ಹುರಿಗಡಲೆ. ಊರಿನವರೆಲ್ಲ ಅದನ್ನು ನಗೆಯಾಡುತ್ತಿದ್ದರು. ಉಪ್ಪು ಮಾತ್ರ ಕಮ್ಮಿಯಿತ್ತು. ಎಡೆಗೆ ಇಡುವ ಮುಂಚೆ ಯಾರೂ ರುಚಿ ನೋಡುವಂತಿಲ್ಲವಂತೆ.

ಊಟ ಮುಗಿದ ಮೇಲೆ ಮುನಿಶಾಮಪ್ಪ ಸ್ಟೂಲು ಹಾಕಿಸಿದರು. ಮಗ ಬೇಡವೆಂದರೂ ಕೇಳದೆ ತಾವೇ ಹತ್ತಿ, ಎರಡು ಜಡೆಯ ಹುಡುಗಿಯ ಹಾರ ತೆಗೆದರು. ಫೋಟೊ ಇಳಿಸಿ ಪಂಚೆಯ ಚುಂಗಿನಿಂದ ಒರೆಸಿದರು. ಆಗಲೂ ನನ್ನ ಪ್ರಶ್ನೆಗೆ ಉತ್ತರವಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಮೊದಲ ಬಾರಿಗೆ ನನಗೆ ಅಳುಕಾಯಿತು, ಚಿಕ್ಕಿಯ ಮುಂದೆ ಕೂತು ಏನು ಹೇಳಲಿ ಎಂದು.

ಗೇಟಿನವರೆಗೂ ಬಂದರು ಮುದುಕರು. ಚೀಲದಲ್ಲಿ ಸೀರೆ ಇಟ್ಟುಕೊಟ್ಟರು.

“ಅವಳಿಗೆ ಹೇಳು” ಎಂದರು. “ಬಂದಾಗ ಬಾಗ್ಲು ತಟ್ಬೇಡ ಅಂತ. ಈ ಮನೇಲಿ ತಟ್ಟೋದು ಸತ್ತೋರಿಗೆ. ಅವಳು ಸೀದಾ ಒಳಗೆ ಬರ್ಲಿ.”

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವ ಮುಂಚೆ ಕೌಂಟರಿನಲ್ಲಿ ಒಂದು ಕೆಲಸ ಮುಗಿಸಿಕೊಂಡೆ. ಹೊನ್ನಾವರ ಮುಟ್ಟಿದಾಗ ಬೆಳಗಾಗಿತ್ತು, ಹೊಳೆಯ ಮೇಲೆ ಬಿಸಿಲು. ಚಿಕ್ಕಿ ಜಗಲಿಯಲ್ಲೇ ಕಾಯುತ್ತಿದ್ದಳು. ಹೇಳಿದಂತೆ ಅವಳ ಮುಂದೆ ಕೂತು, ಒಂದೂ ಬಿಡದೆ ಹೇಳಿದೆ.

ಎಡೆಯ ಮಾತು ಬಂದಾಗ ನಕ್ಕಳು. “ನಲವತ್ತೆಂಟು ವರ್ಷದಿಂದ ಊಟ ಇಟ್ಟವ್ರೆ, ಒಂದ್ ದಿನಾನೂ ಹೋಗ್ಲಿಲ್ವಲ್ಲೇ ನಾನು” ಎಂದಳು. ಅವಳಮ್ಮ ಎರಡೆರಡು ಸಲ ಹೆಸರು ಕೂಗುತ್ತಿದ್ದದ್ದನ್ನು ಹೇಳಿದಾಗ ನಗು ನಿಂತಿತು. ಬಾಗಿಲಿನ ಮಾತು ಹೇಳಿ ಸೀರೆ ಕೊಟ್ಟಾಗ ಅದನ್ನು ಮುಖಕ್ಕೆ ಒತ್ತಿಕೊಂಡಳು. ನಾನು ಅವಳ ಸೆರಗಿನ ತುದಿ ಹಿಡಿದುಕೊಂಡೆ.

ಆಮೇಲೆ ಕಣ್ಣೊರೆಸಿಕೊಂಡಳು. “ಸಾರಿಗೆ ಉಪ್ಪು ಸರಿಯಾಗಿತ್ತಾ?”

“ಕಮ್ಮಿಯಿತ್ತು.”

“ಅಲ್ಲಿಗೆ ಹೋಗಿ ನಾನೇ ಹಾಕ್ಬೇಕು ಹಾಗಾದ್ರೆ” ಎಂದು ಗೋಡೆ ಹಿಡಿದು ಎದ್ದಳು.

ಮುಂದಿನ ಶುಕ್ರವಾರಕ್ಕೆ ಮಾಡಿಸಿದ್ದ ಎರಡು ಟಿಕೆಟ್ಟು ತೆಗೆದು ಅವಳ ಕೈಗಿಟ್ಟೆ.