ಗಂಡು ಸಿಗದ ಸಹಸ್ರಪದಿ

ಸಂಗ್ರಹಾಲಯದ ಹಿಂಬದಿಯ ಕೋಣೆಗೆ ಕಿಟಕಿಯೇನೋ ಇತ್ತು. ಅದಕ್ಕೆ ಅಡ್ಡವಾಗಿ ಗಾಜಿನ ಜಾಡಿಗಳ ಬೀರು ನಿಂತಿತ್ತು. ಅಲ್ಲಿ ಕೂತು ಹುಳಗಳ ವಿವರಣೆ ಬರೆಯುವವಳನ್ನು ಎಲ್ಲರೂ ಕರೆಯುತ್ತಿದ್ದುದು ಹುಳದಕ್ಕ ಎಂದೇ. ಮಳೆಕಾಡಿನ ಸಹಸ್ರಪದಿಗಳ ವಿಷಯದಲ್ಲಿ ಅವಳದು ಎತ್ತಿದ ಕೈ. ಮಳೆಕಾಡನ್ನು ಮಾತ್ರ ಅವಳು ಕಣ್ಣಾರೆ ಕಂಡವಳಲ್ಲ. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅಪ್ಪ. ಅವರಿಗೆ ಇವಳಲ್ಲದೆ ಬೇರೆಯವರು ತಿನ್ನಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಹಾಗಂತ ಅವರೇ ಹೇಳುತ್ತಿದ್ದರು, ನಂಬದೆ ಏನು ಮಾಡುವುದು?

ಒಮ್ಮೆ ಮಳೆಕಾಡಿನಿಂದ ಬಂದ ಜಾಡಿಯಲ್ಲಿ ಬೆನ್ನಿಗೆ ಸಾಲುಮುಳ್ಳಿದ್ದ ಸಹಸ್ರಪದಿಗಳಿದ್ದವು. ಅಂಥದ್ದನ್ನು ಇದುವರೆಗೆ ಯಾರೂ ವರ್ಣಿಸಿರಲಿಲ್ಲ. ಆದರೆ ಎಲ್ಲವೂ ಹೆಣ್ಣು. ಗಂಡಿನ ಮೈಯ ಏಳನೆಯ ಉಂಗುರದಲ್ಲಿ, ಕೂಡುವುದಕ್ಕೆಂದೇ ಇರುವ ಪುಟ್ಟ ಕಾಲುಗಳ ಆಕಾರ ನೋಡಿದ ಮೇಲೆಯೇ ಹೊಸ ಜಾತಿ ಎಂದು ಹೆಸರಿಡುವುದು.

"ಹಾಗಾದ್ರೆ ನೀವೇ ಹೋಗಿ ಹುಡುಕ್ಕೊಂಡು ಬನ್ನಿ" ಎಂದರು ಸಂಗ್ರಹಾಲಯದ ನಿರ್ದೇಶಕರು. "ಒಂದು ವಾರ ಅಪ್ಪನ್ನ ನಾನ್ ನೋಡ್ಕೋತೀನಿ, ಹೋಗ್ಬಾ ಅಕ್ಕ" ಎಂದಳು ತಂಗಿ. ಹುಳದಕ್ಕ ರಬ್ಬರ್ ಬೂಟು ಕೊಂಡು, ಕಾಲಿಗೆ ಒಗ್ಗಲೆಂದು ಅದನ್ನು ಹಾಕಿಕೊಂಡೇ ಅಡುಗೆ ಮಾಡಿದಳು.

ಹೊರಡುವ ಎರಡು ದಿನ ಮೊದಲು ಅಳತೆಗೆಂದು ಜಾಡಿ ತೆರೆದಳು. ಗಟ್ಟಿಯಾಗಿ ಸುರುಳಿ ಸುತ್ತಿಕೊಂಡಿದ್ದ ಒಂದು ಹುಳವನ್ನು ಮೊದಲ ಸಲ ಮುರಿದೀತೆಂದು ಬಿಡಿಸದೆ, ಮರಿ ಹೆಣ್ಣಿರಬೇಕು ಎಂದು ಬದಿಗಿಟ್ಟಿದ್ದಳು. ಈಗ ಅದನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ ಏಳನೆಯ ಉಂಗುರ ನೋಡಿದಳು. ಗಂಡು.

ಕುಣಿದಾಡಬೇಕಿತ್ತು. ಅವಳಿಗೆ ಅಳು ಬಂತು. ಅದನ್ನು ಜಾಡಿಯ ತಳಕ್ಕೆ ವಾಪಸು ಹಾಕುವಷ್ಟರಲ್ಲಿ ನಿರ್ದೇಶಕರು ಬಾಗಿಲಲ್ಲಿ ತಲೆ ಹಾಕಿದರು.

"ಏನ್ ಮೇಡಂ, ಒಂದೂ ಇಲ್ವಾ?"

"ಇಲ್ಲ ಸರ್. ಎಲ್ಲಾ ಹೆಣ್ಣೇ."

ಹುಳದ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಅದಕ್ಕೆ ಅವಳು ನಾಚಲೂ ಇಲ್ಲ.

ಸಂಜೆ ತಂಗಿ ಬಂದಳು, ತಟ್ಟೆ ಹಿಡಿದು ಅಪ್ಪನ ಪಕ್ಕ ಕೂತಳು. ಅಪ್ಪ ಹಲ್ಲು ಕಚ್ಚಿಕೊಂಡರು. ಗದರಿದರೂ ಇಲ್ಲ, ಗೋಗರೆದರೂ ಇಲ್ಲ. ಮರುದಿನ ಬೆಳಿಗ್ಗೆಯೂ ಅದೇ ಹಟ. "ನನ್ ಕೈಲಾಗಲ್ಲ ಅಕ್ಕ, ಏನಾದ್ರೂ ಆದ್ರೆ ನನ್ ತಲೆ ಮೇಲೆ ಬರುತ್ತೆ" ಎಂದು ತಂಗಿ ಕಣ್ಣೀರಿಟ್ಟಳು. ಹುಳದಕ್ಕ ಚಮಚ ಕೈಗೆತ್ತಿಕೊಂಡದ್ದೇ ತಡ, ಅಪ್ಪ ಬಾಯಿ ತೆರೆದರು. ಅವಳಿಗೆ ಆ ಚಮಚವನ್ನು ಗೋಡೆಗೆ ಬಿಸಾಡುವಷ್ಟು ಸಿಟ್ಟು ಬಂತು. ತಿನ್ನಿಸಿ, ಬಾಯಿ ಒರೆಸಿ, ಕೆಲಸಕ್ಕೆ ಹೊರಟಳು.

"ತಳದಲ್ಲಿ ಒಂದು ಗಂಡಿತ್ತು ಸರ್, ನಿನ್ನೆ ಕಣ್ಣಿಗೆ ಬಿದ್ದಿರ್ಲಿಲ್ಲ."

ನಿರ್ದೇಶಕರು ಹಿಗ್ಗಿ ಹೀರೇಕಾಯಿಯಾದರು. "ನೋಡಿ, ಕೂತಲ್ಲೇ ಹುಡುಕಿಬಿಟ್ರಿ. ಇನ್ನು ನಿಮಗ್ಯಾಕೆ ಆ ಜಿಗಣೆಗಳ ಕಾಟ?"

ಅವಳು ಕಾಲುಗಳ ಚಿತ್ರ ಬಿಡಿಸಿದಳು, ಉಂಗುರ ಎಣಿಸಿದಳು, ಹೆಸರಿಟ್ಟಳು. ಕೊನೆಗೆ ಹುಳ ಬದುಕುವ ಜಾಗವನ್ನು ವರ್ಣಿಸಬೇಕಿತ್ತು. ಜಾಡಿಯ ಚೀಟಿಯಲ್ಲಿದ್ದುದನ್ನೇ ಬರೆದಳು: ನೆರಳು, ತೇವ, ಕೊಳೆತ ಎಲೆ. ಇನ್ನೊಂದು ಸಾಲು ಸೇರಿಸೋಣವೆಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಬರೆಯಲು ಅವಳ ಹತ್ತಿರ ಏನೂ ಇರಲಿಲ್ಲ.